ಒಂಬತ್ತನೇ ತರಗತಿಗೆ ಅರ್ಥಶಾಸ್ತ್ರ: ವ್ಯಾಖ್ಯೆ ಬರೆಸುವ ಬದಲು ಸಂತೆ ಕಟ್ಟುವುದು ಹೇಗೆ?

ಸೀಮೆಸುಣ್ಣ

ಒಂಬತ್ತನೇ ತರಗತಿ, 44 ಮಕ್ಕಳು, 40 ನಿಮಿಷದ ಪೀರಿಯಡ್. ಕರಿಹಲಗೆ ಇದೆ, ಪ್ರೊಜೆಕ್ಟರ್ ಇಲ್ಲ. ಅರ್ಥಶಾಸ್ತ್ರದ ಮೂಲ ವಿಚಾರಗಳಿಗೆಂದೇ ಆರು ಪೀರಿಯಡ್ ತೆಗೆದಿಡಬಹುದು. ಸಮಾಜ ವಿಜ್ಞಾನ ಪಾಠ ಮಾಡುವವರಲ್ಲಿ ಇತಿಹಾಸ, ಭೂಗೋಳ ಓದಿ ಬಂದವರೇ ಹೆಚ್ಚು. ಹಾಗಾಗಿ ಅರ್ಥಶಾಸ್ತ್ರದ ಭಾಗ ಬಂತೆಂದರೆ ವ್ಯಾಖ್ಯೆ ಬರೆಸಿ, ಪ್ರಶ್ನೋತ್ತರ ಬರೆಸಿ ಮುಂದೆ ಹೋಗುವುದೇ ರೂಢಿಯಾಗಿದೆ. ಅದರಿಂದ ಆಚೆ ಬರುವ ದಾರಿ ಬೇಕು.

ತೊಡಕು ಇಂಥದ್ದು. 'ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ' ಎಂದು ಎಲ್ಲ ಮಕ್ಕಳೂ ಒಪ್ಪಿಸುತ್ತಾರೆ. 'ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವಿನ ಬೆಲೆ ಗಗನಕ್ಕೇರಿರುತ್ತದೆ, ಆದರೂ ಜನ ಅವತ್ತೇ ಹೆಚ್ಚು ಹೂ ಕೊಳ್ಳುತ್ತಾರಲ್ಲ, ನಿಯಮವೇ ತಪ್ಪಾ?' ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. 'ಅದು ಹಬ್ಬ, ಅದಕ್ಕೆ' ಅನ್ನುವಲ್ಲಿಗೆ ಉತ್ತರ ನಿಂತುಬಿಡುತ್ತದೆ.

ಮಕ್ಕಳೇ ಕೊಂಡು ಮಾರುವ ಆಟದ ಬಗ್ಗೆ ಅಲ್ಲಲ್ಲಿ ಉಲ್ಲೇಖ ಸಿಗುತ್ತದೆ. ಆದರೆ ಚೀಟಿಗಳ ಮೇಲೆ ಯಾವ ಅಂಕಿ ಇರಬೇಕು, ಎಷ್ಟು ಸುತ್ತು ಆಡಿಸಬೇಕು, ಆಮೇಲೆ ಕರಿಹಲಗೆಯ ಮೇಲೆ ಏನು ಬರೆಯಬೇಕು ಎಂಬುದು ಸಿಗುವುದಿಲ್ಲ. ಗೊತ್ತಿದ್ದವರು ಅಂಕಿಗಳ ಸಮೇತ ಬರೆಯಿರಿ. ಹಣದುಬ್ಬರವನ್ನು ಸೂತ್ರವಿಲ್ಲದೆ ಹೇಗೆ ತೋರಿಸುವುದು? ಆರು ಪೀರಿಯಡ್‌ನಲ್ಲಿ ಯಾವುದನ್ನು ಧೈರ್ಯವಾಗಿ ಕೈಬಿಡಬಹುದು?

---

ತಕ್ಕಡಿ

ಸೀಮೆಸುಣ್ಣ ಅವರೇ, 44 ಮಕ್ಕಳು ಈ ಆಟಕ್ಕೆ ಹೇಳಿ ಮಾಡಿಸಿದ ಸಂಖ್ಯೆ. 20 ಮಂದಿ ರೈತರು, 20 ಮಂದಿ ಕೊಳ್ಳುವವರು, ಇಬ್ಬರು ಲೆಕ್ಕದ ಮೇಜಿಗೆ, ಇಬ್ಬರು ಕರಿಹಲಗೆಗೆ.

ಸರಕು ಟೊಮೆಟೊ ಇರಲಿ, ಲೆಕ್ಕ ಬಾಕ್ಸ್‌ನಲ್ಲಿ. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್‌ಗೆ ಬೆಲೆ ಕೂಗುವುದು ಮಕ್ಕಳಿಗೂ ಕೇಳಿ ಗೊತ್ತಿರುತ್ತದೆ. 2023ರ ಜುಲೈನಲ್ಲಿ ಅದೇ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಆಮೇಲೆ ಚರ್ಚೆಗೆ ತರಬಹುದು.

ಕೊಳ್ಳುವವರ ಚೀಟಿ: 300, 280, 260, 240, 220, 200, 180, 160, 140, 120. ಪ್ರತಿ ಅಂಕಿಗೂ ಎರಡು ಚೀಟಿ. ಆ ಬಾಕ್ಸ್ ಆ ಕೊಳ್ಳುವವನಿಗೆ ಎಷ್ಟು ರೂಪಾಯಿಗೆ ಬಾಳುತ್ತದೆ ಎಂಬುದು ಆ ಅಂಕಿ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡುವಂತಿಲ್ಲ.

ರೈತರ ಚೀಟಿ: 90, 110, 130, 150, 170, 190, 210, 230, 250, 270. ಇವೂ ಎರಡೆರಡು. ಬಾಕ್ಸನ್ನು ಬೆಳೆದು ಮಂಡಿಗೆ ತಂದು ಇಳಿಸಲು ತಗಲುವ ವೆಚ್ಚ ಇದು. ಇದಕ್ಕಿಂತ ಕಡಿಮೆಗೆ ಮಾರುವಂತಿಲ್ಲ. ಮಾರದಿದ್ದರೆ ವೆಚ್ಚವೂ ಇಲ್ಲ, ಅಂದರೆ ಸೊನ್ನೆ ಅಂಕ.

ಒಂದು ಸುತ್ತಿನಲ್ಲಿ ಒಬ್ಬರಿಗೆ ಒಂದೇ ಬಾಕ್ಸ್. ಬೆಲೆ ಐದರ ಗುಣಕದಲ್ಲಿ ಇರಲಿ, ಇಲ್ಲದಿದ್ದರೆ 197, 198 ಎಂದು ಎಳೆದಾಡುತ್ತಾ ಸಮಯ ಹೋಗುತ್ತದೆ. ವ್ಯಾಪಾರ ಕುದುರಿದ ಇಬ್ಬರೂ ಒಟ್ಟಿಗೆ ಲೆಕ್ಕದ ಮೇಜಿಗೆ ಬಂದು ಚೀಟಿ ತೋರಿಸಬೇಕು. ಮೇಜಿನವರು ನಿಯಮ ಮೀರಿಲ್ಲವೆಂದು ನೋಡಿ ಬೆಲೆಯನ್ನು ಗಟ್ಟಿಯಾಗಿ ಕೂಗಬೇಕು, ಹಲಗೆಯವರು ಬರೆಯಬೇಕು. ಕೊಳ್ಳುವವರ ಅಂಕ ಚೀಟಿಯಿಂದ ಬೆಲೆ ಕಳೆದಷ್ಟು. ರೈತರ ಅಂಕ ಬೆಲೆಯಿಂದ ಚೀಟಿ ಕಳೆದಷ್ಟು. ಸುತ್ತಿಗೆ 4 ನಿಮಿಷ. ಅದೇ ಚೀಟಿಗಳಲ್ಲಿ ಮೂರು ಸುತ್ತು.

ಬೆಲೆ ಕೂಗುವುದು, ಅದೇ ಚೀಟಿಗಳಲ್ಲಿ ಮತ್ತೆ ಆಡಿಸುವುದು, ಇವೆರಡನ್ನೂ ಬಿಡಬೇಡಿ. ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಎಡ್ವರ್ಡ್ ಚೇಂಬರ್ಲಿನ್ ತಮ್ಮ ವಿದ್ಯಾರ್ಥಿಗಳಿಂದ ಇಂಥ ಚೀಟಿ ಸಂತೆ ಮಾಡಿಸಿ 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಇಬ್ಬಿಬ್ಬರೇ ಗುಟ್ಟಾಗಿ ಚೌಕಾಸಿ ಮಾಡುತ್ತಿದ್ದರು, ಆಡಿಸುತ್ತಿದ್ದದ್ದು ಒಂದೇ ಸುತ್ತು. ಬೆಲೆಗಳು ಸಮತೋಲನಕ್ಕೆ, ಅಂದರೆ ಕೊಳ್ಳಲು ಸಿದ್ಧರಿರುವವರೂ ಮಾರಲು ಸಿದ್ಧರಿರುವವರೂ ಸಮವಾಗುವ ಬೆಲೆಗೆ, ಬರಲಿಲ್ಲ. ಅಲ್ಲಿ ಕೂತಿದ್ದ ವಿದ್ಯಾರ್ಥಿಗಳಲ್ಲೊಬ್ಬರಾದ ವರ್ನನ್ ಸ್ಮಿತ್ ಮುಂದೆ ಬೆಲೆಗಳನ್ನು ಎಲ್ಲರಿಗೂ ಕೇಳುವಂತೆ ಕೂಗಿಸಿ, ಅದೇ ಚೀಟಿಗಳಲ್ಲಿ ಸುತ್ತು ಸುತ್ತು ಆಡಿಸಿದರು. ಬೆಲೆಗಳು ಒಂದೆಡೆಗೆ ಬಂದು ನಿಂತವು. 1962ರಲ್ಲಿ ಪ್ರಕಟವಾದ ಆ ಕೆಲಸದಿಂದ ಶುರುವಾದ ಸಂಶೋಧನೆಗೆ 2002ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ತರಗತಿಯಲ್ಲಿ ಆಟ ಕೆಡುವುದೂ ಬಹುಪಾಲು ಈ ಎರಡು ಕಡೆಗಳಲ್ಲೇ. ಮೇಜಿನವರು ಮೆಲ್ಲಗೆ ಬರೆದುಕೊಂಡು ಸುಮ್ಮನಿರುತ್ತಾರೆ, ಇಲ್ಲವೇ ಪ್ರತಿ ಸುತ್ತಿಗೂ ಚೀಟಿ ಕಲೆಸಿ ಹಂಚುತ್ತಾರೆ. ಎರಡರಲ್ಲಿ ಯಾವುದಾದರೂ ಬೆಲೆ ನೆಲೆ ನಿಲ್ಲುವುದಿಲ್ಲ.

ಮೊದಲ ಸುತ್ತಿನಲ್ಲಿ 150ಕ್ಕೂ ಮಾರಾಟ ಆಗುತ್ತದೆ, 250ಕ್ಕೂ ಆಗುತ್ತದೆ. ಮೂರನೆಯ ಸುತ್ತಿಗೆ ಹೆಚ್ಚಿನವು 190–200ರ ಆಸುಪಾಸಿಗೆ ಬರುತ್ತವೆ, ವ್ಯಾಪಾರ 12ರ ಹತ್ತಿರ ನಿಲ್ಲುತ್ತದೆ. ಚೀಟಿಗಳ ಲೆಕ್ಕ ಹೇಳುವುದೂ ಅದನ್ನೇ. ಮೂರೂ ಸುತ್ತು ಮುಗಿಯುವ ತನಕ ನಕ್ಷೆ ಬರೆಯಬೇಡಿ, ಸಮತೋಲನ ಎಂಬ ಪದವನ್ನೂ ಬಳಸಬೇಡಿ. ಆಮೇಲೆ ಒಂದೊಂದೇ ಬೆಲೆ ಹೇಳಿ ಕೈ ಎತ್ತಿಸಿ:

ಬೆಲೆ 250: ಕೊಳ್ಳಲು ಸಿದ್ಧ 6, ಮಾರಲು ಸಿದ್ಧ 18
ಬೆಲೆ 220: ಕೊಳ್ಳಲು 10, ಮಾರಲು 14
ಬೆಲೆ 195: ಕೊಳ್ಳಲು 12, ಮಾರಲು 12
ಬೆಲೆ 150: ಕೊಳ್ಳಲು 16, ಮಾರಲು 8

ಈ ಎಣಿಕೆಯೇ ಬೇಡಿಕೆ ಪಟ್ಟಿ, ಪೂರೈಕೆ ಪಟ್ಟಿ. ಚುಕ್ಕೆ ಇಟ್ಟು ಸೇರಿಸಿದರೆ ರೇಖೆ. ತಮ್ಮ ತಮ್ಮ ಚೀಟಿ ಆ ರೇಖೆಯ ಮೇಲೆ ಎಲ್ಲಿದೆ ಎಂದು ಮಕ್ಕಳು ತಾವಾಗಿಯೇ ಹುಡುಕಲು ಶುರು ಮಾಡುತ್ತಾರೆ. 140ರ ಚೀಟಿಯವನಿಗೆ ಯಾಕೆ ಬಾಕ್ಸ್ ಸಿಗಲಿಲ್ಲ, 250ರ ರೈತನ ಸರಕು ಯಾಕೆ ಉಳಿಯಿತು ಎನ್ನುವುದು ಆಗ ಕಣ್ಣೆದುರೇ ಇರುತ್ತದೆ.

ಇನ್ನು ನಿಮ್ಮ ಹೂವಿನ ಪ್ರಶ್ನೆ. ನಾಲ್ಕನೇ ಸುತ್ತಿಗೆ 'ನಾಳೆ ಹಬ್ಬ' ಎಂದು ಹೇಳಿ. ಕೊಳ್ಳುವವರೆಲ್ಲ ತಮ್ಮ ಚೀಟಿಗೆ 60 ಸೇರಿಸಿಕೊಳ್ಳಲಿ. ರೈತರ ಚೀಟಿ ಹಾಗೇ ಇರಲಿ. ಲೆಕ್ಕದ ಪ್ರಕಾರ ಬೆಲೆ 220–230ಕ್ಕೆ ಏರುತ್ತದೆ, ವ್ಯಾಪಾರ 12ರಿಂದ 14ಕ್ಕೆ ಏರುತ್ತದೆ. ಬೆಲೆಯೂ ಮೇಲೆ, ಕೊಂಡದ್ದೂ ಮೇಲೆ! ಹಾಗಾದರೆ ನಿಯಮ ತಪ್ಪೇ? ಅಲ್ಲ. ಬದಲಾದದ್ದು ಕೊಳ್ಳುವವರ ಚೀಟಿ. ರೇಖೆಯ ಮೇಲೆ ಜಾರುವುದು ಬೇರೆ, ರೇಖೆಯೇ ಸರಿಯುವುದು ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗಂತೂ ಕಾಣದು.

ಎರಡನೇ ಪೀರಿಯಡ್‌ನಲ್ಲಿ ಮೊದಲಿನ ಚೀಟಿಗಳಿಗೆ ಮರಳಿ, ಬಾಕ್ಸ್‌ಗೆ 40 ರೂಪಾಯಿ ತೆರಿಗೆ ಹಾಕಿ. ಮೊದಲು ರೈತರಿಂದ ವಸೂಲಿ. ಬೆಲೆ 210–220 ಆಗುತ್ತದೆ, ವ್ಯಾಪಾರ 10ಕ್ಕೆ ಇಳಿಯುತ್ತದೆ. ಮುಂದಿನ ಸುತ್ತಿನಲ್ಲಿ ಅದೇ 40 ರೂಪಾಯಿಯನ್ನು ಕೊಳ್ಳುವವರಿಂದ ವಸೂಲಿ ಮಾಡಿ. ಈಗ ಬೆಲೆ 170–180. ಅದಕ್ಕೆ ತೆರಿಗೆ ಸೇರಿದರೆ ಕೊಳ್ಳುವವನ ಕೈಯಿಂದ ಹೋಗುವುದು ಮತ್ತೆ 210–220. ತೆರಿಗೆ ಯಾರ ಹೆಸರಿನಲ್ಲಿ ಕಟ್ಟಿದರೂ ಹೊರೆ ಹಂಚಿಕೆ ಒಂದೇ. 40ರಲ್ಲಿ 20 ಮಾತ್ರ ಕೊಳ್ಳುವವರ ಮೇಲೆ ಬಿತ್ತು, ಉಳಿದ 20 ರೈತರ ಮೇಲೆ. 'ತೆರಿಗೆ ಹಾಕಿದರೆ ಅಂಗಡಿಯವ ಪೂರ್ತಿ ನಮ್ಮ ಮೇಲೇ ಹಾಕುತ್ತಾನೆ' ಎಂದು ದೊಡ್ಡವರೂ ನಂಬಿರುತ್ತಾರೆ. ಒಂಬತ್ತನೇ ತರಗತಿಯ ಮಕ್ಕಳು ಅದನ್ನು ತಾವೇ ಅಳೆದು ನೋಡಿದಂತಾಗುತ್ತದೆ. ಈ ಅಂಕಿಗಳಲ್ಲಿ ಎರಡೂ ಕಡೆಯ ಏರಿಳಿತ ಒಂದೇ ಸಮ ಇರುವುದರಿಂದ ಅರ್ಧರ್ಧ ಬಂತು, ಎಲ್ಲ ಸರಕಿಗೂ ಹೀಗೇ ಆಗುವುದಿಲ್ಲ ಎಂಬ ಮಾತನ್ನು ಮಾತ್ರ ಸೇರಿಸಿ.

ಸಮಯ ಉಳಿದರೆ ಬೆಲೆ ಮಿತಿ: '155ಕ್ಕಿಂತ ಹೆಚ್ಚಿಗೆ ಮಾರಿದರೆ ದಂಡ'. ಕೊಳ್ಳಲು 16 ಮಂದಿ ಎದ್ದು ನಿಲ್ಲುತ್ತಾರೆ, ಮಾರಲು 8 ಮಂದಿ. ಬಾಕ್ಸ್ ಯಾರಿಗೆ ಸಿಕ್ಕಿತು ಎಂದು ಬರೆಸಿ. 300ರ ಚೀಟಿಯವಳಿಗೆ ಸಿಗದೆ, ರೈತನ ಪಕ್ಕದ ಬೆಂಚಿನ 160ರ ಚೀಟಿಯವನಿಗೆ ಸಿಕ್ಕಿರುತ್ತದೆ. 'ಪೆನ್ನು ಕೊಡ್ತೀನಿ, ನನಗೇ ಕೊಡು' ಎಂಬ ಮಾತೂ ಎಲ್ಲಿಂದಲೋ ಕೇಳಿಬರಬಹುದು. ಗದರಬೇಡಿ, ಅದನ್ನೂ ಹಲಗೆಯ ಮೇಲೆ ಬರೆಸಿ, ಪಾಠಕ್ಕೆ ಬೇಕಾದದ್ದೇ ಅದು.

ಎಚ್ಚರಿಕೆಗಳು ಇಷ್ಟು. ಚೀಟಿಯ ಅಂಕಿಯೇ ಮಾರಾಟದ ಬೆಲೆ ಎಂದು ರೈತರ ಪಾತ್ರದ ಮಕ್ಕಳು ತಿಳಿಯುವುದು ಅತಿ ಸಾಮಾನ್ಯ ತಪ್ಪು. '90ರ ಚೀಟಿ ಇದೆ ಎಂದು 90ಕ್ಕೆ ಮಾರಿದರೆ ಅಂಕ ಸೊನ್ನೆ, 180ಕ್ಕೆ ಮಾರಿದರೆ 90' ಎಂದು ಶುರುವಿನಲ್ಲೇ ಹಲಗೆಯ ಮೇಲೆ ಮಾಡಿ ತೋರಿಸಿ. ಚೀಟಿಯನ್ನು ಮಡಚಿ ಹಿಡಿಯಲು ಹೇಳಿ, ಅಂಕಿ ಕಂಡರೆ ಚೌಕಾಸಿ ಅಲ್ಲಿಗೇ ಮುಗಿಯುತ್ತದೆ. ಹೆಚ್ಚು ಅಂಕ ಗಳಿಸಿದವರಿಗೆ ಚಾಕೊಲೇಟ್ ಕೊಡುವ ಆಸೆಯನ್ನು ಬಿಡಿ. 300ರ ಚೀಟಿ ಬಂದವನಿಗೆ ಅದು ಅದೃಷ್ಟ, 120ರ ಚೀಟಿ ಬಂದವಳು ಎಷ್ಟು ಜಾಣೆಯಾದರೂ ಅವಳಿಗೆ ಬಹುತೇಕ ಸೊನ್ನೆಯೇ. ಬಹುಮಾನ ಇಟ್ಟರೆ ಅಳು, ಜಗಳ ಖಂಡಿತ. ಅದರ ಬದಲು ನಾಲ್ಕನೇ ಸುತ್ತಿನ ಮೊದಲು ಪಾತ್ರ ಅದಲುಬದಲು ಮಾಡಿ.

ಇನ್ನೊಂದು ಸೂಕ್ಷ್ಮ. ಮೊದಲ ಸುತ್ತಿನಲ್ಲಿ 13, 14 ವ್ಯಾಪಾರಗಳೂ ಆಗಬಹುದು. ಗಾಬರಿಯಾಗಬೇಡಿ. 300ರವನು 230ರ ರೈತನಿಂದ ಕೊಂಡರೆ, 90ರ ರೈತ 140ರವನಿಗೆ ಮಾರಿದರೆ ವ್ಯಾಪಾರದ ಸಂಖ್ಯೆ ಏರುತ್ತದೆ, ಎಲ್ಲರ ಅಂಕಗಳ ಮೊತ್ತ ಇಳಿಯುತ್ತದೆ. ಈ ಚೀಟಿಗಳಲ್ಲಿ ಸಿಗಬಹುದಾದ ಗರಿಷ್ಠ ಮೊತ್ತ 1,320. ಪ್ರತಿ ಸುತ್ತಿನ ಮೊತ್ತವನ್ನು ಮೇಜಿನವರಿಂದ ಕೂಡಿಸಿ, ಅದು 1,320ರ ಹತ್ತಿರ ಹೋಗುವುದನ್ನು ತೋರಿಸಿ.

---

ನುಡಿಬುತ್ತಿ

ಆಟ ಚೆನ್ನಾಗಿದೆ. ಆದರೆ ಮಕ್ಕಳು ಎಡವುವುದು ಪದಗಳಲ್ಲೂ ಹೌದು. ಅರ್ಥಶಾಸ್ತ್ರದ ಪದಗಳಲ್ಲಿ ಹಲವು ಮನೆಮಾತಿನಲ್ಲಿ ಬೇರೆ ಅರ್ಥ ಹೊತ್ತು ಮೊದಲೇ ಕೂತಿವೆ. ಆ ಹಳೆಯ ಅರ್ಥವನ್ನು ಹೊರಗೆ ತೆಗೆದು ತೋರಿಸದಿದ್ದರೆ ಹೊಸ ಅರ್ಥ ಒಳಗೆ ಹೋಗುವುದಿಲ್ಲ.

ಬೇಡಿಕೆ: ಮಕ್ಕಳು ಕೇಳಿರುವುದು 'ಬೇಡಿಕೆ ಈಡೇರಿಸಿ' ಎಂಬ ಮುಷ್ಕರದ ಘೋಷಣೆಯಲ್ಲಿ. ಹಾಗಾಗಿ ಬೇಕು ಅನ್ನುವುದೆಲ್ಲ ಬೇಡಿಕೆ ಎಂದುಕೊಳ್ಳುತ್ತಾರೆ. ಬಯಕೆ, ಕೊಡಲು ಹಣ, ಕೊಡುವ ಮನಸ್ಸು ಮೂರೂ ಇದ್ದರಷ್ಟೇ ಬೇಡಿಕೆ. ತಕ್ಕಡಿ ಅವರ ಆಟದಲ್ಲಿ 120ರ ಚೀಟಿಯವನಿಗೂ ಟೊಮೆಟೊ ಬೇಕೇ ಬೇಕು, ಆದರೆ 195ರ ಬೆಲೆಯಲ್ಲಿ ಅವನದು ಬೇಡಿಕೆಯಲ್ಲ. ಒಪ್ಪಿಸುವ ವಾಕ್ಯವನ್ನೂ ತಿದ್ದಿಸಿ: 'ಉಳಿದೆಲ್ಲ ಹಾಗೇ ಇದ್ದು ಬೆಲೆ ಏರಿದರೆ ಬೇಡಿಕೆಯ ಪ್ರಮಾಣ ಇಳಿಯುತ್ತದೆ.' 'ಉಳಿದೆಲ್ಲ ಹಾಗೇ ಇದ್ದು', 'ಪ್ರಮಾಣ', ಇವೆರಡು ಬಿಟ್ಟುಹೋದದ್ದಕ್ಕೇ ಹಬ್ಬದ ಹೂವಿನ ಗೊಂದಲ ಹುಟ್ಟಿದ್ದು.

ಕೊರತೆ ಮತ್ತು ವಿರಳತೆ: ಇವೆರಡನ್ನೂ ಒಂದೇ ಎಂಬಂತೆ ಬಳಸುವುದು ವಾಡಿಕೆ. ಕೈಯಲ್ಲಿರುವುದು ಮಿತ, ಬಯಕೆ ಅಮಿತ ಎಂಬುದು ವಿರಳತೆ, ಅದು ಎಲ್ಲ ಕಾಲದಲ್ಲೂ ಇರುವಂಥದ್ದು. ಕೊರತೆ ಎಂದರೆ ಒಂದು ನಿರ್ದಿಷ್ಟ ಬೆಲೆಯಲ್ಲಿ ಕೊಳ್ಳುವವರಿಗೆ ಸಾಕಾಗದಷ್ಟು ಸರಕು ಇರುವುದು. 155ರ ಮಿತಿ ಹಾಕಿದಾಗ 8 ಬಾಕ್ಸ್ ಕೊರತೆ. 195ರಲ್ಲಿ ಕೊರತೆಯೇ ಇಲ್ಲ, ಆದರೂ 8 ಮಂದಿ ಬರಿಗೈಲಿ ಹೋದರು, ಅದು ವಿರಳತೆ. ಈ ಒಂದು ಹೋಲಿಕೆಗೆ ಹತ್ತು ನಿಮಿಷ ಕೊಡಿ.

ಬಂಡವಾಳ: ಮನೆಮಾತಿನಲ್ಲಿ ಅಂಗಡಿಗೆ ಹಾಕಿದ ದುಡ್ಡು. ಉತ್ಪಾದನಾಂಗಗಳ (ಸರಕು ತಯಾರಿಸಲು ಬೇಕಾದವುಗಳ) ಪಾಠದಲ್ಲಿ ಅದು ಟ್ರ್ಯಾಕ್ಟರ್, ಹೊಲಿಗೆ ಯಂತ್ರ, ಗೋದಾಮು. ಹೂಡಿಕೆಯದೂ ಇದೇ ಕಥೆ. ಮನೆಯಲ್ಲಿ ಚಿನ್ನ ಕೊಂಡರೂ ಸೈಟು ಕೊಂಡರೂ ಹೂಡಿಕೆ ಅನ್ನುತ್ತಾರೆ. ದೇಶದ ಉತ್ಪನ್ನದ (ವರ್ಷದಲ್ಲಿ ಹೊಸದಾಗಿ ಹುಟ್ಟಿದ ಸರಕು, ಸೇವೆಗಳ) ಲೆಕ್ಕದಲ್ಲಿ ಹಳೆಯ ಸೈಟು ಕೈ ಬದಲಾಯಿಸಿದರೆ ಹೊಸದಾಗಿ ಏನೂ ಹುಟ್ಟಲಿಲ್ಲ, ದಲ್ಲಾಳಿಯ ಕಮಿಷನ್ ಮಾತ್ರ ಆ ವರ್ಷದ ಸೇವೆ.

ಎಂ.ಆರ್.ಪಿ.: ಇದನ್ನು ಪುಸ್ತಕ ಎತ್ತದಿದ್ದರೂ ಮಕ್ಕಳು ಎತ್ತೇ ಎತ್ತುತ್ತಾರೆ. 'ಬೆಲೆ ಪೊಟ್ಟಣದ ಮೇಲೆ ಬರೆದಿರುತ್ತಲ್ಲ, ಬೇಡಿಕೆ ಪೂರೈಕೆ ಎಲ್ಲಿಂದ ಬಂತು?' ಆ ಅಂಕಿಯನ್ನು ಸಾಮಾನ್ಯವಾಗಿ ನಿಗದಿ ಮಾಡುವುದು ತಯಾರಕರೇ, ಸರ್ಕಾರವಲ್ಲ. ಅದು ಮೇಲಿನ ಮಿತಿ, ಕೆಳಗೆ ಎಷ್ಟಕ್ಕಾದರೂ ಮಾರಬಹುದು. ಒಂದೇ ಸೋಪು ಎರಡು ಅಂಗಡಿಗಳಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ಬರೆದುಕೊಂಡು ಬರಲು ಹೇಳಿ.

ಪುಸ್ತಕಗಳಲ್ಲಿ ಪೂರೈಕೆ, ನೀಡಿಕೆ ಎರಡೂ ಪದ ಸಿಗುತ್ತವೆ. ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ.

ನಕ್ಷೆಯ ಬಗ್ಗೆಯೂ ಒಂದು ಮಾತು. ಕಾರಣವಾದದ್ದು ಅಡ್ಡ ಅಕ್ಷಕ್ಕೆ, ಪರಿಣಾಮ ಲಂಬ ಅಕ್ಷಕ್ಕೆ ಎಂದು ಗಣಿತದ ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ. ಇಲ್ಲಿ ಬೆಲೆಯನ್ನು ಲಂಬ ಅಕ್ಷಕ್ಕೆ ಹಾಕುತ್ತೇವೆ. ಆಲ್‌ಫ್ರೆಡ್ ಮಾರ್ಷಲ್ ಎಂಬ ಅರ್ಥಶಾಸ್ತ್ರಜ್ಞರ ಕಾಲದಿಂದ ನಡೆದು ಬಂದ ರೂಢಿ ಇದು ಎಂದು ಮೊದಲೇ ಹೇಳಿಬಿಡಿ. ಹೇಳದಿದ್ದರೆ ಗಣಿತದಲ್ಲಿ ಚುರುಕಾದ ಮಕ್ಕಳೇ ನಕ್ಷೆಯನ್ನು ತಿರುವಿ ಬರೆದು ಅಂಕ ಕಳೆದುಕೊಳ್ಳುತ್ತಾರೆ.

---

ಸೀಮೆಸುಣ್ಣ

ತಕ್ಕಡಿ ಅವರೇ, ನುಡಿಬುತ್ತಿ ಅವರೇ, ಇಬ್ಬರಿಗೂ ನಮಸ್ಕಾರ. ಚೀಟಿಗೆ 60 ಸೇರಿಸುವ ಸುತ್ತು ಒಂದೇ ಸಾಕು, ಹೂವಿನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಎರಡು ವಿಷಯ ಸ್ಪಷ್ಟವಾಗಬೇಕು. 44ರಲ್ಲಿ ಐದಾರು ಮಂದಿ ಗೈರಾಗುವುದು ಮಾಮೂಲು, ಆಗ ಯಾವ ಚೀಟಿ ತೆಗೆಯಬೇಕು? ಪಕ್ಕದ ಸೆಕ್ಷನ್‌ನಲ್ಲಿ 68 ಮಕ್ಕಳು. ನಡುವೆ ಇರುವುದು ಅರ್ಧ ಗೋಡೆ, ಸಂತೆಯ ಗದ್ದಲ ಆ ಕಡೆಗೆ ಹೋಗದಂತೆ ಆಡಿಸುವುದು ಸಾಧ್ಯವೇ?

---

ತಕ್ಕಡಿ

ಚೀಟಿಗಳನ್ನು ತುದಿಯಿಂದ ತೆಗೆಯಿರಿ, ನಡುವಿನಿಂದ ಬೇಡ. ಕೊಳ್ಳುವವರಲ್ಲಿ ಮೊದಲು 120, ಆಮೇಲೆ 140. ರೈತರಲ್ಲಿ ಮೊದಲು 270, ಆಮೇಲೆ 250. ಮೊದಲಿನ ಚೀಟಿಗಳಲ್ಲಿ ಬೆಲೆ ನೆಲೆ ನಿಂತ ಮೇಲೆ ಇವರಿಗೆ ಹೇಗೂ ವ್ಯಾಪಾರ ಕುದುರುವುದಿಲ್ಲ. ಹೀಗೆ ಎಂಟು ಮಕ್ಕಳ ತನಕ ಗೈರಾದರೂ 12 ವ್ಯಾಪಾರ, 190–200 ಬೆಲೆ ಹಾಗೇ ಉಳಿಯುತ್ತದೆ, ಹಬ್ಬದ ಸುತ್ತಿನ ಲೆಕ್ಕವೂ ಕೆಡುವುದಿಲ್ಲ. 200ರದ್ದೋ 190ರದ್ದೋ ಚೀಟಿ ತೆಗೆದರೆ ಮಾತ್ರ ಬರೆದಿಟ್ಟುಕೊಂಡ ಉತ್ತರ ಹೊಂದುವುದಿಲ್ಲ. ಇಪ್ಪತ್ತೇ ಮಕ್ಕಳಿರುವ ಶಾಲೆಯಾದರೆ ಪ್ರತಿ ಅಂಕಿಗೆ ಒಂದೇ ಚೀಟಿ, ಆರು ವ್ಯಾಪಾರ, ಬೆಲೆ ಅದೇ. ಮೇಜು, ಹಲಗೆ ಎರಡನ್ನೂ ಆಗ ನೀವೇ ನೋಡಿಕೊಳ್ಳಬೇಕು.

68 ಮಕ್ಕಳಿಗೆ ಅದೇ 40 ಚೀಟಿ ಸಾಕು. 24 ಚೀಟಿಗಳನ್ನು ಇಬ್ಬಿಬ್ಬರಿಗೆ ಸೇರಿಸಿ ಕೊಡಿ, 16 ಚೀಟಿಗಳನ್ನು ಒಬ್ಬೊಬ್ಬರಿಗೆ, ಉಳಿದ ನಾಲ್ವರು ಮೇಜಿಗೆ, ಹಲಗೆಗೆ. ಜೋಡಿಯಾಗಿ ಆಡುವುದರಲ್ಲಿ ಲಾಭವೂ ಇದೆ. 'ಇಷ್ಟಕ್ಕೆ ಕೊಡೋಣವಾ, ಇನ್ನೂ ಕಾಯೋಣವಾ' ಎಂದು ಇಬ್ಬರು ಮಾತಾಡಿಕೊಳ್ಳಲೇಬೇಕಾಗುತ್ತದೆ, ನಾಚುವ ಮಗು ಮೂಲೆ ಸೇರುವುದಿಲ್ಲ.

ಗದ್ದಲಕ್ಕೆ ಎರಡು ದಾರಿ. ಒಂದು, ಮೈದಾನಕ್ಕೆ ಹೋಗುವುದು. ಕರಿಹಲಗೆಯ ಬದಲು ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಮಾರ್ಕರ್‌ನಿಂದ ಬರೆಯಿರಿ. ಎರಡು, ಮೌನ ಸಂತೆ. ಹಲಗೆಯನ್ನು ಎರಡು ಭಾಗ ಮಾಡಿ, 'ಕೊಡುತ್ತೇನೆ' ಕಡೆ ಸದ್ಯದ ಅತಿ ಹೆಚ್ಚಿನ ಕೂಗು, 'ಕೇಳುತ್ತೇನೆ' ಕಡೆ ಸದ್ಯದ ಅತಿ ಕಡಿಮೆ ಕೂಗು. ಯಾರೇ ಆಗಲಿ ಕೈ ಎತ್ತಿ, ಹೆಸರು ಕರೆದ ಮೇಲೆ ಒಂದೇ ಅಂಕಿ ಹೇಳಬೇಕು. ಬರೆದಿರುವುದಕ್ಕಿಂತ ಒಳ್ಳೆಯ ಅಂಕಿ ಬಂದರೆ ಹಳೆಯದನ್ನು ಅಳಿಸಿ ಬರೆಯಿರಿ, 'ಒಪ್ಪಿದೆ' ಎಂದರೆ ವ್ಯಾಪಾರ ಮುಗಿಯಿತು. ಸ್ಮಿತ್ ಅವರ ಕ್ರಮಕ್ಕೆ ಹೆಚ್ಚು ಹತ್ತಿರವಾದದ್ದೂ ಇದೇ, ಬೆಲೆ ಬೇಗ ನಿಲ್ಲುತ್ತದೆ. ಆದರೆ ಸುತ್ತಿಗೆ 4 ನಿಮಿಷ ಸಾಲದು, 7–8 ಬೇಕು. ಒಂದು ಪೀರಿಯಡ್‌ಗೆ ಎರಡೇ ಸುತ್ತು ಆಗುತ್ತದೆ.

---

ಲೆಕ್ಕದಕಟ್ಟು

ಹಣದುಬ್ಬರಕ್ಕೆ ಬರುತ್ತೇನೆ. ಮಕ್ಕಳ ಕೈಯಲ್ಲೇ ಒಂದು ಬೆಲೆ ಸೂಚ್ಯಂಕ ಕಟ್ಟಿಸಿ. ಒಂದು ಮನೆಯ ತಿಂಗಳ ದಿನಸಿ ಚೀಟಿಯಿಂದ ಐದು ಸಾಮಾನು ಸಾಕು. ತಿದ್ದಲು ಅನುಕೂಲವಾಗಲೆಂದು ಊಹೆಯ ಅಂಕಿಗಳನ್ನು ಕೊಡುತ್ತಿದ್ದೇನೆ. ಮೊದಲನೆಯದು ಕಳೆದ ವರ್ಷದ ಬೆಲೆ, ಎರಡನೆಯದು ಈ ವರ್ಷದ್ದು:

ಅಕ್ಕಿ 25 ಕೆ.ಜಿ.: 50, 54
ತೊಗರಿ ಬೇಳೆ 3 ಕೆ.ಜಿ.: 150, 140
ಹಾಲು 30 ಲೀಟರ್: 44, 46
ಅಡುಗೆ ಎಣ್ಣೆ 3 ಲೀಟರ್: 130, 150
ಈರುಳ್ಳಿ 5 ಕೆ.ಜಿ.: 30, 45

'ಬೆಲೆ ಒಟ್ಟಾರೆ ಶೇಕಡ ಎಷ್ಟು ಏರಿತು?' ಎಂದು ಕೇಳಿ ಸುಮ್ಮನಿರಿ. ಹೆಚ್ಚಿನವರು ಒಂದೊಂದರ ಶೇಕಡಾವಾರು ತೆಗೆದು, ಕೂಡಿಸಿ, ಐದರಿಂದ ಭಾಗಿಸುತ್ತಾರೆ. ಅಕ್ಕಿ 8, ಬೇಳೆ ಇಳಿಕೆ 6.7, ಹಾಲು 4.5, ಎಣ್ಣೆ 15.4, ಈರುಳ್ಳಿ 50. ಸರಾಸರಿ ಸುಮಾರು 14. ಈಗ ಇನ್ನೊಂದು ಪ್ರಶ್ನೆ: 'ಹೋದ ವರ್ಷ ಈ ಚೀಟಿಯ ಒಟ್ಟು ಬಿಲ್ ಎಷ್ಟು, ಈಗೆಷ್ಟು?' ಆಗ 3,560, ಈಗ 3,825. ಏರಿಕೆ ಶೇಕಡ 7.4 ಮಾತ್ರ. ಎರಡು ಉತ್ತರಕ್ಕೂ ಇಷ್ಟು ಅಂತರ ಯಾಕೆ ಎಂದು ಹುಡುಕುವುದೇ ಪಾಠ. ಈರುಳ್ಳಿ ಒಂದೂವರೆ ಪಟ್ಟು ಆದರೂ ಅದಕ್ಕೆ ಹೋಗುವ ದುಡ್ಡು ಸ್ವಲ್ಪ, ಅಕ್ಕಿ ಹಾಲಿಗೆ ಹೋಗುವುದು ಬಹಳ. ತೂಕ ಎಂಬ ಪದವನ್ನು ಇಲ್ಲಿ ಪರಿಚಯಿಸಿದರೆ ಸರಿಯಾಗಿ ಕೂರುತ್ತದೆ. 3,825 ಭಾಗಿಸು 3,560, ಗುಣಿಸು 100, ಅಂದರೆ 107.4. ಸೂಚ್ಯಂಕ ಸಿದ್ಧವಾಯಿತು, ಸೂತ್ರ ಬರೆಸುವ ಕೆಲಸವೇ ಉಳಿಯಲಿಲ್ಲ.

ಮುಂದುವರಿದು, ಅದೇ ಬೆಲೆಗಳಲ್ಲಿ ಹಾಲು ಕೊಳ್ಳದ, ಈರುಳ್ಳಿ 15 ಕೆ.ಜಿ. ಬಳಸುವ ಮನೆಯ ಲೆಕ್ಕ ಮಾಡಿಸಿ. ಹೋದ ವರ್ಷ 2,540, ಈಗ 2,895, ಏರಿಕೆ ಶೇಕಡ 14. 'ಸರ್ಕಾರದ ಅಂಕಿ ಕಡಿಮೆ ತೋರಿಸುತ್ತದೆ, ನಮ್ಮ ಮನೆಯಲ್ಲಿ ಹಾಗಿಲ್ಲ' ಎಂಬ ಮಾತಿನ ಹಿಂದೆ ಇರುವ ಒಂದು ನಿಜವಾದ ಕಾರಣ ಇದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಹಣದುಬ್ಬರ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದುಕೊಳ್ಳುತ್ತಾರೆ. 100 ರೂಪಾಯಿಯ ಸಾಮಾನು ಶೇಕಡ 6 ಏರಿ 106. ಮರುವರ್ಷ ಶೇಕಡ 4 ಏರಿ 110 ರೂಪಾಯಿ 24 ಪೈಸೆ. ಹಣದುಬ್ಬರ ಇಳಿಯಿತು, ಬೆಲೆ ಏರಿತು. ರಿಸರ್ವ್ ಬ್ಯಾಂಕಿನ ಗುರಿ ಶೇಕಡ 4, ಆಚೀಚೆ 2 ಎಂಬುದನ್ನು ಇದಾದ ಮೇಲೆ ಹೇಳಿದರೆ, ಗುರಿ ಸೊನ್ನೆ ಯಾಕಲ್ಲ ಎಂಬ ಒಳ್ಳೆಯ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ.

ಬಡ್ಡಿಗೂ ಅರ್ಧ ಪೀರಿಯಡ್ ಕೊಡಿ, ಇದು ಬದುಕಿಗೆ ಬೇಕಾದದ್ದು. ಊರಿನ ಮಾತಿನಲ್ಲಿ 'ಮೂರು ರೂಪಾಯಿ ಬಡ್ಡಿ' ಎಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಶೇಕಡ 36. ಬ್ಯಾಂಕಿನ ಶೇಕಡ 12 ಎಂಬುದು ವರ್ಷದ ಲೆಕ್ಕ. ಮೂರು ಚಿಕ್ಕದು, ಹನ್ನೆರಡು ದೊಡ್ಡದು ಎಂದು ಹೋಲಿಸಿ ಮೋಸ ಹೋಗುವವರಿದ್ದಾರೆ. ಇನ್ನೊಂದು ದಿನಗಟ್ಟಲೆ ವಸೂಲಿ: ಕೈಗೆ 8,500 ಕೊಟ್ಟು, ದಿನಕ್ಕೆ 100ರಂತೆ ನೂರು ದಿನ ಕಟ್ಟಿಸುವುದು. ಮಕ್ಕಳು 1,500ನ್ನು 8,500ರಿಂದ ಭಾಗಿಸಿ ಶೇಕಡ 17–18 ಎನ್ನುತ್ತಾರೆ. ಅದು ನೂರು ದಿನಕ್ಕೆ, ವರ್ಷಕ್ಕಲ್ಲ. ಮೇಲಾಗಿ ಸಾಲ ಪ್ರತಿದಿನ ಕರಗುತ್ತಿದೆ, ಸರಾಸರಿ ಕೈಯಲ್ಲಿ ಉಳಿದಿರುವುದು ಅದರ ಅರ್ಧದಷ್ಟು. ಎರಡನ್ನೂ ಲೆಕ್ಕಕ್ಕೆ ಹಿಡಿದರೆ ವರ್ಷದ ಬಡ್ಡಿ ಶೇಕಡ ನೂರನ್ನು ದಾಟುತ್ತದೆ.

---

ರಾಗಿಕಣಜ

ಅವಕಾಶ ವೆಚ್ಚದ ಬಗ್ಗೆ, ಅಂದರೆ ಒಂದನ್ನು ಆರಿಸಿಕೊಂಡಾಗ ಬಿಟ್ಟುಹೋದವುಗಳಲ್ಲಿ ಮೇಲಾದದ್ದರ ಬೆಲೆಯ ಬಗ್ಗೆ, ಯಾರೂ ಬರೆಯಲಿಲ್ಲವಲ್ಲ. ಹಳ್ಳಿ ಶಾಲೆಯಲ್ಲಿ ಇದಕ್ಕೆ ಹೊಲದ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅಂಕಿಗಳನ್ನು ನಿಮ್ಮ ಕಡೆಗೆ ಹೊಂದಿಸಿಕೊಳ್ಳಿ. ಬೆಳೆ ಮಾರಿ ಬಂದದ್ದು 40,000. ಬೀಜ, ಗೊಬ್ಬರ, ಉಳುಮೆ, ಕೂಲಿ ಸೇರಿ ಖರ್ಚಾದದ್ದು 22,000. ಉಳಿದದ್ದು 18,000, ಮನೆಯಲ್ಲಿ ಇದನ್ನೇ ಲಾಭ ಎನ್ನುವುದು. ಈಗ ಎರಡು ಪ್ರಶ್ನೆ. ಆ ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದರೆ? 12,000 ಬರುತ್ತಿತ್ತು. ಮನೆಯವರು ದುಡಿದ 20 ದಿನ ಬೇರೆಯವರ ಹೊಲಕ್ಕೆ ಹೋಗಿದ್ದರೆ? ದಿನಕ್ಕೆ 400ರಂತೆ 8,000. ಎರಡೂ ಸೇರಿ 20,000. ಅಂದರೆ ಕೈಬಿಟ್ಟ ಅವಕಾಶಕ್ಕೆ ಹೋಲಿಸಿದರೆ 2,000 ಕಡಿಮೆ.

ಇಲ್ಲಿ ಬಹಳ ಜೋಪಾನ. 'ಹಾಗಾದರೆ ನಮ್ಮಪ್ಪ ಮಾಡುವುದು ನಷ್ಟದ ಕೆಲಸ' ಎಂದು ಮಗು ಮನೆಗೆ ಹೋಗಿ ಹೇಳುವಂತಾಗಬಾರದು. ಗುತ್ತಿಗೆಗೆ ತೆಗೆದುಕೊಳ್ಳುವವರು ನಿಜಕ್ಕೂ ಇದ್ದಾರೆಯೇ, ಆ 20 ದಿನ ಕೂಲಿ ಸಿಗುತ್ತಿತ್ತೇ, ಮನೆಗೆ ಉಳಿಸಿಕೊಂಡ ರಾಗಿಗೆ, ಹುಲ್ಲಿಗೆ ಬೆಲೆ ಕಟ್ಟಿದೆವೇ ಎಂದು ಒಂದೊಂದಾಗಿ ಕೇಳಿ. ಸಿಗದ ಕೂಲಿ ಅವಕಾಶವೇ ಅಲ್ಲ, ಅದರ ವೆಚ್ಚ ಸೊನ್ನೆ. ಹುಲ್ಲಿನ ಬೆಲೆ ಸೇರಿದರೆ ಇಡೀ ಲೆಕ್ಕವೇ ತಿರುಗಿಬೀಳಬಹುದು.

ಪದೇಪದೇ ಕಾಣುವ ತಪ್ಪು, ಬಿಟ್ಟ ಅವಕಾಶಗಳನ್ನೆಲ್ಲ ಕೂಡಿಸುವುದು. ಭಾನುವಾರ ಸಂಜೆ ಎರಡು ಗಂಟೆ ಕ್ರಿಕೆಟ್ ಆಡಿದರೆ ಅದರ ವೆಚ್ಚ ಓದು, ನಿದ್ದೆ, ಸಿನಿಮಾ ಮೂರೂ ಅಲ್ಲ. ಆ ಎರಡು ಗಂಟೆಯಲ್ಲಿ ಒಂದನ್ನಷ್ಟೇ ಮಾಡಲಾಗುತ್ತಿತ್ತು, ಹಾಗಾಗಿ ಅವುಗಳಲ್ಲಿ ಮೇಲಾದ ಒಂದು ಮಾತ್ರ. ಮೇಲಿನ ಹೊಲದ ಲೆಕ್ಕದಲ್ಲಿ ಗುತ್ತಿಗೆ, ಕೂಲಿ ಎರಡನ್ನೂ ಯಾಕೆ ಕೂಡಿಸಿದೆವು ಎಂದು ಜಾಣ ಮಗುವೊಂದು ಕೇಳುತ್ತದೆ. ಜಮೀನು ಒಂದು ಸಂಪನ್ಮೂಲ, ದುಡಿಮೆ ಇನ್ನೊಂದು, ಎರಡೂ ಅವಕಾಶಗಳನ್ನು ಒಟ್ಟಿಗೇ ಹಿಡಿಯಬಹುದಿತ್ತು. ಉತ್ತರ ಅಷ್ಟೇ, ಆದರೆ ಮೊದಲೇ ಯೋಚಿಸಿಟ್ಟುಕೊಳ್ಳಿ.

2023ರ ಜೂನ್ 11ರಿಂದ ಮಹಿಳೆಯರಿಗೆ ಬಸ್ ಟಿಕೆಟ್ ಉಚಿತವಾಯಿತಲ್ಲ, ಆ ಶಕ್ತಿ ಯೋಜನೆಯನ್ನೂ ತರಬಹುದು. ಟಿಕೆಟ್ ಸೊನ್ನೆಯಾದರೂ ಪ್ರಯಾಣದ ಸಮಯ ಸೊನ್ನೆಯಲ್ಲ, ಬಸ್ಸಿನ ಡೀಸೆಲ್‌ಗೆ ಯಾರೋ ಕೊಡಲೇಬೇಕು, ದೂರದ ಕೆಲಸಕ್ಕೆ ಹೋಗಲು ಈಗ ಸಾಧ್ಯವಾಗುವವರೂ ಇದ್ದಾರೆ. ಹಲಗೆಯನ್ನು 'ಏನಾಗುತ್ತದೆ', 'ಏನಾಗಬೇಕು' ಎಂದು ಎರಡು ಕಾಲಂ ಮಾಡಿ. ಪಕ್ಷದ ಜಗಳವೆಲ್ಲ ಎರಡನೆಯ ಕಾಲಂಗೆ ಹೋಗುತ್ತದೆ. ಪಾಠ ಮೊದಲನೆಯದರಲ್ಲಿ ನಡೆಯಲಿ.

---

ತಕ್ಕಡಿ

ಉಳಿದ ಪ್ರಶ್ನೆ, ಆರು ಪೀರಿಯಡ್‌ನ ಹಂಚಿಕೆ. ಮೊದಲನೆಯದು ಅವಕಾಶ ವೆಚ್ಚ, ರಾಗಿಕಣಜ ಅವರ ಲೆಕ್ಕದಿಂದ. ಎರಡು, ಮೂರು ಸಂತೆ. ನಾಲ್ಕನೆಯದು ನಕ್ಷೆ ಮತ್ತು ನುಡಿಬುತ್ತಿ ಅವರ ಪದಗಳು. ಐದನೆಯದು ಸೂಚ್ಯಂಕ, ಆರನೆಯದು ಬಡ್ಡಿ ಹಾಗೂ ದೇಶೀಯ ಉತ್ಪನ್ನ. ದೇಶೀಯ ಉತ್ಪನ್ನಕ್ಕೆ ಒಂದೇ ಉದಾಹರಣೆ ಸಾಕು: ಮಂಡ್ಯದ ಕಬ್ಬು ಆಲೆಮನೆಗೆ 3,000ಕ್ಕೆ, ಬೆಲ್ಲ ಸಗಟು ಅಂಗಡಿಗೆ 4,200ಕ್ಕೆ, ಅಲ್ಲಿಂದ ಮನೆಗೆ 5,000ಕ್ಕೆ. ಮೂರನ್ನೂ ಕೂಡಿಸಿ 12,200 ಎಂದರೆ ಕಬ್ಬನ್ನು ಮೂರು ಸಲ, ಬೆಲ್ಲವನ್ನು ಎರಡು ಸಲ ಎಣಿಸಿದಂತೆ. ಪ್ರತಿ ಹಂತದಲ್ಲಿ ಹೊಸದಾಗಿ ಸೇರಿಸಿದ ಮೌಲ್ಯ 3,000, 1,200, 800, ಒಟ್ಟು 5,000.

ಕೈಬಿಡಬಹುದಾದದ್ದು: ತುಷ್ಟಿಗುಣದ (ಸರಕಿನಿಂದ ಸಿಗುವ ತೃಪ್ತಿಯ) ಕೋಷ್ಟಕ, ಸ್ಥಿತಿಸ್ಥಾಪಕತ್ವದ (ಬೆಲೆ ಬದಲಾದರೆ ಬೇಡಿಕೆಯ ಪ್ರಮಾಣ ಎಷ್ಟು ಬದಲಾಗುತ್ತದೆ ಎಂಬುದರ) ಸೂತ್ರ, ಮತ್ತು ಅರ್ಥಶಾಸ್ತ್ರಕ್ಕೆ ಆಡಂ ಸ್ಮಿತ್, ಮಾರ್ಷಲ್, ರಾಬಿನ್ಸ್ ಕೊಟ್ಟ ವ್ಯಾಖ್ಯೆಗಳ ಹೋಲಿಕೆ. ಇವೆಲ್ಲ ಪಿಯುಸಿಗೆ ಕಾಯಬಹುದು. ಆದರೆ ಪಠ್ಯದಲ್ಲಿ ಇರುವುದನ್ನು, ಪರೀಕ್ಷೆಗೆ ಬರುವುದನ್ನು ಬಿಡಬೇಡಿ.

ಬೆಲೆ ಮಿತಿಯ ಸುತ್ತಿನ ಜೊತೆಗೇ ಕನಿಷ್ಠ ಬೆಲೆಯ ಸುತ್ತನ್ನೂ ಆಡಿಸಬಹುದು. 250ಕ್ಕಿಂತ ಕಡಿಮೆಗೆ ಮಾರುವಂತಿಲ್ಲ ಎಂದರೆ ಕೊಳ್ಳಲು 6, ಮಾರಲು 18. ಬೆಂಬಲ ಬೆಲೆಗೆ ಇದೇ ಉದಾಹರಣೆ.

---

ರಾಗಿಕಣಜ

ಕೊನೆಯ ಸಾಲಿಗೆ ಒಂದು ತಿದ್ದುಪಡಿ, ತಕ್ಕಡಿ ಅವರೇ. ಬೆಂಬಲ ಬೆಲೆ ಹಾಗೆ ಕೆಲಸ ಮಾಡುವುದಿಲ್ಲ. 2024–25ರ ಮುಂಗಾರಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ಇತ್ತು. ಹಾಗೆಂದು ಅದಕ್ಕಿಂತ ಕಡಿಮೆಗೆ ವ್ಯಾಪಾರಿ ಕೊಂಡರೆ ಅಪರಾಧವೇನಲ್ಲ. ಖರೀದಿ ಕೇಂದ್ರ ತೆರೆದು ಆ ಬೆಲೆಗೆ ಸರ್ಕಾರವೇ ಕೊಂಡರೆ ಮಾತ್ರ ಮಾರುಕಟ್ಟೆ ಬೆಲೆಗೆ ಆಸರೆ. ಕೇಂದ್ರ ತಡವಾಗಿ ತೆರೆದರೆ ಅಥವಾ ಒಬ್ಬರಿಂದ ಇಷ್ಟೇ ಕ್ವಿಂಟಲ್ ಎಂಬ ಮಿತಿ ಇದ್ದರೆ ಉಳಿದದ್ದು ಕಡಿಮೆಗೇ ಹೋಗುತ್ತದೆ. ಕಾನೂನಿನ ಕನಿಷ್ಠ ಬೆಲೆಗೆ ಸರಿಯಾದ ಉದಾಹರಣೆ ಕನಿಷ್ಠ ಕೂಲಿ.

ಆಟದಲ್ಲಿ ತೋರಿಸುವುದಾದರೆ 'ಮಾರುವಂತಿಲ್ಲ' ಎಂಬ ನಿಯಮ ಬೇಡ. ಲೆಕ್ಕದ ಮೇಜಿನವರಲ್ಲಿ ಒಬ್ಬರು ಸರ್ಕಾರವಾಗಲಿ, '250ಕ್ಕೆ ನಾನು ಕೊಳ್ಳುತ್ತೇನೆ' ಎಂದು ಹೇಳಲಿ. ಎಲ್ಲ 18 ರೈತರೂ ಮಾರುತ್ತಾರೆ. 6 ಬಾಕ್ಸ್ ಕೊಳ್ಳುವವರಿಗೆ, 12 ಬಾಕ್ಸ್ ಸರ್ಕಾರಕ್ಕೆ, ಖರ್ಚು 3,000 ರೂಪಾಯಿ. ಮುಂದಿನ ಸುತ್ತಿನಲ್ಲಿ ಸರ್ಕಾರ 4 ಬಾಕ್ಸ್ ಕೊಂಡು ಬಾಗಿಲು ಹಾಕಲಿ. ಬೆಲೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಬರೆಸಿ: 210ರ ಹತ್ತಿರ.

---

ತಕ್ಕಡಿ

ಒಪ್ಪಿದೆ, ನನ್ನ ಉದಾಹರಣೆ ತಪ್ಪು. ಸೀಮೆಸುಣ್ಣ ಅವರೇ, ರಾಗಿಕಣಜ ಅವರು ಹೇಳಿದ ಹಾಗೆಯೇ ಆಡಿಸಿ. ಆದರೆ ಸರಕು ಮಾತ್ರ ಟೊಮೆಟೊ ಬೇಡ, ಆ ಸುತ್ತಿಗೆ ರಾಗಿ ಮೂಟೆ ಎನ್ನಿ. ಟೊಮೆಟೊಗೆ ಬೆಂಬಲ ಬೆಲೆಯ ಪಟ್ಟಿಯಲ್ಲಿ ಜಾಗವಿಲ್ಲ, ಕೊಂಡರೂ ಗೋದಾಮಿನಲ್ಲಿ ಇಡಲಾಗದು.